ಎಸ್ತೆಬೆಸನ ಕಪ್ಪು-ಬಿಳುಪು ಹದ್ದು

ಬಣ್ಣದ ಫೋಟೋ ಮದುವೆಯವರಿಗೆ, ಮಿಠಾಯಿ ಡಬ್ಬಿಯವರಿಗೆ; ಗಂಡಸಾದವನು ಹಾರುವ ಹದ್ದನ್ನು ಕಪ್ಪು-ಬಿಳುಪಿನಲ್ಲಿ ಹಿಡಿಯಬೇಕು! ಎಸ್ತೆಬೆಸ್ ಹೀಗೆಂದು ಘೋಷಿಸಿದಾಗ ಅವನ ಬಾಯಲ್ಲಿ ಅರ್ಧ ರೊಟ್ಟಿ ಇತ್ತು. ಮಹತ್ವದ ಘೋಷಣೆಗಳನ್ನು ಬಾಯಿ ಖಾಲಿಯಿರುವಾಗ ಮಾಡಬೇಕೆಂಬ ಬುದ್ಧಿ ಅವನಿಗೆ ಕೊನೆವರೆಗೂ ಬರಲಿಲ್ಲ. ಹೆಂಡತಿ ಜೂರಕಾನ್ ಚಹಾದ ನೀರು ಕಾಯಿಸುವ ತಾಮ್ರದ ಸಮೋವಾರಿನಿಂದ ಚಹಾ ಬಗ್ಗಿಸುತ್ತ, "ಮೊದಲು ಪಾಸ್‌ಪೋರ್ಟ್ ಫೋಟೋದಲ್ಲಿ ಜನ ಕಣ್ಣು ಬಿಟ್ಟಿರೋ ಹಾಗೆ ತೆಗೀರಿ. ಹದ್ದು ಆಮೇಲೆ ನೋಡೋಣ," ಎಂದಳು.

ಮಾತಿನಲ್ಲಿ ಸತ್ಯವಿತ್ತು, ಅದಕ್ಕೇ ಅದು ಚುಚ್ಚಿತು. ಇಸಿಕ್‌ಕೋಲ್ ಸರೋವರದ ದಕ್ಷಿಣ ದಂಡೆಯ ಆ ಊರಿನಲ್ಲಿ ಎಸ್ತೆಬೆಸನ ಅಂಗಡಿಗೆ ಎರಡೇ ಬಗೆಯ ಗಿರಾಕಿಗಳು. ಬದುಕಿರುವವರು ಬಂದು ಬಣ್ಣದಲ್ಲಿ ತೆಗೆಸಿಕೊಳ್ಳುತ್ತಿದ್ದರು. ಸತ್ತವರ ಪರವಾಗಿ ಮನೆಯವರು ಬಂದು, ಗೋರಿಯ ಕಪ್ಪು ಕಲ್ಲಿನ ಮೇಲೆ ಮುಖ ಕೊರೆಸಲು ಹಳೆಯ ಚಿತ್ರವನ್ನು ಕಪ್ಪು-ಬಿಳುಪು ಮಾಡಿಸಿಕೊಂಡು ಹೋಗುತ್ತಿದ್ದರು. ಉಸಿರಾಡುವವರನ್ನು ಕಪ್ಪು-ಬಿಳುಪಿನಲ್ಲಿ ತೆಗೆಯಬಾರದು, ತೆಗೆದರೆ ಗೋರಿಯ ಕಲ್ಲು ಅವರಿಗಾಗಿ ಕಾಯಲು ಶುರುಮಾಡುತ್ತದೆ ಎಂದು ಊರಿನ ಮುದುಕಿಯರು ಹೇಳುತ್ತಿದ್ದರು. ಬೆಟ್ಟದ ಇಳಿಜಾರಿನ ಗೋರಿಗಳಲ್ಲಿ ಅರ್ಧಕ್ಕರ್ಧ ಮುಖಗಳು ಎಸ್ತೆಬೆಸನ ಕೈಯಿಂದ ಹೋದವೇ. ಮಬ್ಬಾದ ಮೇಲೆ ಆ ದಾರಿಯಲ್ಲಿ ಬಂದರೆ ಅಷ್ಟೂ ಮುಖಗಳು ತನ್ನನ್ನೇ ನೋಡುತ್ತಿವೆ ಎನ್ನಿಸಿ ಅವನು ಟೋಪಿ ತೆಗೆದು ವಂದಿಸುತ್ತಿದ್ದ. ಗಿರಾಕಿಗಳಲ್ಲವೇ, ಮರ್ಯಾದೆ ಬಿಡಲಾಗುತ್ತದೆಯೇ?

ಸಾಲದ್ದಕ್ಕೆ ಅವನು ಮನೆಅಳಿಯ. ಮನೆಅಳಿಯ ಒಳಗೆ ಬಂದರೆ ಒಲೆಯ ಬಳಿ ಮಲಗಿದ ನಾಯಿಯೂ ಎದ್ದು ಜಾಗ ಬಿಡುವುದಿಲ್ಲ. ಮಾವ ಮಂಬೆತ್‌ಕುಲ್ ಸುತ್ತಿನ ಕಣಿವೆಗಳಿಗೆಲ್ಲ ಹೆಸರಾದ ಹದ್ದಿನ ಬೇಟೆಗಾರರು. ಅವರ ಹದ್ದು ಬಾರ್ಚಿನ್ ಮನೆಯೊಳಗಿನ ಕವಲುಗೋಲಿನ ಮೇಲೆ ಕೂತು, ಕಣ್ಣಿಗೆ ಚರ್ಮದ ಕುಲಾವಿ ಹಾಕಿಸಿಕೊಂಡು, ಕುರುಡಿಯಂತಿದ್ದೂ ಎಲ್ಲರನ್ನೂ ಗಮನಿಸುತ್ತಿತ್ತು. ಎಸ್ತೆಬೆಸ್ ಸುಳ್ಳು ಹೇಳಿದಾಗಲೆಲ್ಲ ಅದರ ತಲೆ ಅವನ ಕಡೆ ತಿರುಗುತ್ತಿತ್ತು. ಇದನ್ನು ಅವನು ಹೆಂಡತಿಗೆ ಹೇಳಿದರೆ, "ಹಾಗಾದ್ರೆ ಪಾಪ ಅದಕ್ಕೆ ಕತ್ತು ನೋವು ಬಂದಿರಬೇಕು," ಎಂದಳು.

ಆ ಮನೆಗೆ ಈಗ ಬಂದಿದ್ದ ಸಂಕಟವೇ ಬಾರ್ಚಿನ್. ಮರಿಯಾಗಿದ್ದಾಗ ಹಿಡಿದು ತಂದ ಹೆಣ್ಣುಹದ್ದನ್ನು ಪ್ರಾಯ ಇರುವಾಗಲೇ ಬೆಟ್ಟಕ್ಕೆ ಹಿಂದಿರುಗಿಸಬೇಕು. ಅದು ಗೂಡು ಕಟ್ಟಬೇಕು, ಮರಿ ಮಾಡಬೇಕು. ದೂರದ ಕಣಿವೆಗೆ ಒಯ್ದು, ಕುರಿ ಕೊಯ್ದು ಅದರ ಮುಂದಿಟ್ಟು, ಋಣ ಹರಿಯಿತೆಂದು ಹೇಳಿ, ತಿರುಗಿ ನೋಡದೆ ಬರಬೇಕು. ತಿರುಗಿ ನೋಡಿದರೆ ಹಕ್ಕಿ ಹಿಂದೆಯೇ ಬರುತ್ತದೆ. ಮಂಬೆತ್‌ಕುಲ್ ಹಿಂದೆ ಎರಡು ಸಲ ಹೋಗಿದ್ದರು, ಎರಡೂ ಸಲ ತಿರುಗಿ ನೋಡಿದ್ದರು. ಅವರ ಕುದುರೆ ಮನೆ ಮುಟ್ಟುವ ಮೊದಲೇ ಬಾರ್ಚಿನ್ ಚಾವಣಿಯ ಮೇಲೆ ಕೂತು ಕಾಯುತ್ತಿತ್ತು. ಅಳಿಯನಿಗೆ ಮೈ ಜುಮ್ಮೆಂದಿತ್ತು. ಮುದುಕರು ಕಣ್ಣೊರೆಸಿಕೊಂಡು ಮಾಂಸ ಹೆಚ್ಚಿದ್ದರು.

"ಈ ಸಲವೂ ಬಿಡದಿದ್ರೆ ಗೂಡು ಕಟ್ಟೋ ಕಾಲ ಅವಳಿಗೆ ದಾಟಿಹೋಗುತ್ತೆ," ಎಂದು ಜೂರಕಾನ್ ಗಂಡನಿಗೆ ಹೇಳಿದ್ದಳು. "ಅಪ್ಪ ಅದನ್ನ ನೆನೆದುಕೊಂಡು ಕೊರಗ್ತಾನೇ ಸಾಯ್ತಾರೆ. ನಿಮ್ಮ ಬಾಯಿ ಯಾವಾಗಲೂ ಓಡುತ್ತಲ್ಲ, ಒಂದು ಉಪಕಾರಕ್ಕೆ ಓಡಿಸಿ."

ಎಸ್ತೆಬೆಸ್ ಓಡಿಸಿದ. ಬಾರ್ಚಿನ್ ಹಾರಿಹೋಗುವ ಗಳಿಗೆಯನ್ನು ತಾನು ಚಿತ್ರದಲ್ಲಿ ಹಿಡಿದುಕೊಡುತ್ತೇನೆ, ಆಮೇಲೆ ಅವಳು ಬೆಟ್ಟದಲ್ಲೂ ಇರುತ್ತಾಳೆ, ಗೋಡೆಯ ಮೇಲೂ ಇರುತ್ತಾಳೆ ಎಂದು ಮಾವನಿಗೆ ಹೇಳಿದ. ಗೋಡೆಯ ಮೇಲೆ ಅವಳಿದ್ದರೆ ಬಿಡಬಲ್ಲೆ ಎಂದರು ಮುದುಕರು. ಕಪ್ಪು-ಬಿಳುಪು ಎಂದಾಗ ಮಾತ್ರ ಅವರ ಮುಖ ಇಳಿಯಿತು. ಅದು ಸತ್ತವರಿಗಲ್ಲವೇ ಎಂದು ಕೇಳಿದರು. ಬಣ್ಣದ್ದು ಬಿಸಿಲಿಗೆ ಮಾಸುತ್ತದೆ, ಕಪ್ಪು-ಬಿಳುಪಿಗೆ ಸಾವಿಲ್ಲ ಎಂದು ಅಳಿಯ ಕೈಯೆತ್ತಿ ಹೇಳಿದ. ಬಾರ್ಚಿನ್ ತಲೆ ಅವನ ಕಡೆ ತಿರುಗಿತು.

ಒಪ್ಪಿದ ಮೇಲೆ ಮುದುಕರು ಒಂದೇ ಮಾತು ಹೇಳಿದ್ದರು: "ಅವಳು ಮೇಲಿರೋವಾಗ ನೆಟ್ಟಗೆ ನಿಂತಿರು. ನಿಂತವನು ಅವಳ ಕಣ್ಣಿಗೆ ಮನುಷ್ಯ. ಬಗ್ಗಬೇಡ." ಹಿರಿಯರ ಮಾತಿಗೆ ತಲೆಯಾಡಿಸುವುದು ಎಸ್ತೆಬೆಸನಿಗೆ ಚೆನ್ನಾಗಿ ಬರುತ್ತಿತ್ತು. ಆಡಿಸಿದ.

ಆ ಕಣಿವೆಗೆ ಹೆಸರಿರಲಿಲ್ಲ. ಹೆಸರಿಟ್ಟು ಕರೆದರೆ ಓಗೊಡುವವರು ಯಾರಿರುತ್ತಾರೋ ಎಂದು ಹಿರಿಯರು ಇಟ್ಟಿರಲಿಲ್ಲ. ಅಲ್ಲಿ ತಾಮ್ರಮೂತಿಯ ಮುದುಕಿ ಇದ್ದಾಳೆ, ಒಂಟಿ ಗಂಡಸರ ಹಿಂದಿನಿಂದ ಬಂದು ತಾಮ್ರದ ಉಗುರಿನಿಂದ ನೆತ್ತಿ ಹಿಡಿಯುತ್ತಾಳೆ ಎಂದು ಮಕ್ಕಳನ್ನು ಹೆದರಿಸುವುದಿತ್ತು. ಎಸ್ತೆಬೆಸ್ ಮಗುವಲ್ಲ. ಆದರೂ ಹೊರಡುವ ಮುಂಚೆ ಅವಳು ಬೆಳಗಿನ ಹೊತ್ತೂ ಬರುತ್ತಾಳೆಯೇ ಎಂದು ಹೆಂಡತಿಯನ್ನು ಕೇಳಿಕೊಂಡಿದ್ದ. ಚೆಲುವರನ್ನು ಮಾತ್ರ ಹಿಡಿಯುತ್ತಾಳಂತೆ, ಧೈರ್ಯವಾಗಿ ಹೋಗಿ ಬನ್ನಿ ಎಂದು ಅವಳು ಕಳಿಸಿದ್ದಳು.

ಅಲ್ಲಿ ಮಂಬೆತ್‌ಕುಲ್ ಕೊಯ್ದ ಕುರಿಯನ್ನು ಹಿಮದ ಮೇಲೆ ಇಟ್ಟು, ಬಾರ್ಚಿನ್‌ಳನ್ನು ಅದರ ಮೇಲೆ ಕೂರಿಸಿದರು. ಕಾಲಿನ ಚರ್ಮದ ಪಟ್ಟಿಗಳನ್ನು ಬಿಚ್ಚಿದರು. ಕೊನೆಗೆ ಕುಲಾವಿ ತೆಗೆದರು. "ನಿನ್ನ ಋಣ ನನ್ನ ಮೇಲಿದೆ, ನನ್ನದು ನಿನ್ನ ಮೇಲಿಲ್ಲ. ಹೋಗು ತಾಯಿ," ಎಂದು ಹೇಳಿ ಕುದುರೆ ಹತ್ತಿದರು. ಈ ಸಲ ತಿರುಗಿ ನೋಡಲಿಲ್ಲ. ಕತ್ತು ನೆಟ್ಟಗಿತ್ತು, ಹೆಗಲು ಮಾತ್ರ ಅಲುಗುತ್ತಿತ್ತು. ಅದನ್ನು ನೋಡುತ್ತ ಎಸ್ತೆಬೆಸ್ ಕ್ಯಾಮೆರಾ ಹಿಡಿದು ಅಲ್ಲೇ ಉಳಿದ. ಈ ಮುದುಕರಿಗೆ ಒಂದು ಒಳ್ಳೆಯ ಚಿತ್ರ ಕೊಡದಿದ್ದರೆ ತಾನು ಈ ಮನೆಯ ಉಪ್ಪು ತಿಂದದ್ದು ದಂಡ ಎಂದುಕೊಂಡ.

ಕುದುರೆಯ ಸದ್ದು ದೂರವಾಗಿ ನಿಂತಿತು. ಆಮೇಲೆ ಯಾವ ಸದ್ದೂ ಇರಲಿಲ್ಲ. ಗಾಳಿಯಿಲ್ಲ, ನೀರಿಲ್ಲ, ಕಾಗೆಯೊಂದು ಕೂಡ ಇಲ್ಲ. ಬಾರ್ಚಿನ್ ತಿನ್ನುವಾಗ ಎಲುಬು ಮುರಿಯುವುದು ಮಾತ್ರ ಎದುರಿನ ಬಂಡೆಗೆ ತಾಗಿ ಎರಡೆರಡು ಸಲ ಕೇಳುತ್ತಿತ್ತು. ತನ್ನ ಉಸಿರೂ ಬಂಡೆಗೆ ತಾಗಿ ಹಿಂದಿರುಗುತ್ತಿದೆಯೋ, ಅಥವಾ ಹಿಂದೆ ಬೇರೆ ಯಾರಾದರೂ ಉಸಿರಾಡುತ್ತಿದ್ದಾರೋ ಎಂದು ಎಸ್ತೆಬೆಸನಿಗೆ ಅನುಮಾನ ಬಂತು. ಉಸಿರು ಹಿಡಿದು ಪರೀಕ್ಷಿಸಿದ. ಎರಡೂ ನಿಂತವು. ಸ್ವಲ್ಪ ಸಮಾಧಾನವಾಯಿತು.

ಬಾರ್ಚಿನ್ ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿ ಅವನನ್ನು ನೋಡಿತು. ಮಾಂಸದಂಗಡಿಯಲ್ಲಿ ಗಿರಾಕಿ ಮುಂದಿನ ತುಂಡನ್ನು ನೋಡುವ ಹಾಗಿತ್ತು ಆ ನೋಟ. ಮರುಗಳಿಗೆ ರೆಕ್ಕೆ ಬಿಚ್ಚಿ ಎದ್ದಿತು. ಎಸ್ತೆಬೆಸ್ ಕ್ಯಾಮೆರಾ ಎತ್ತುವಷ್ಟರಲ್ಲಿ ಅವನ ತಲೆಯ ಮೇಲಿಂದ ದಾಟಿ, ಹಿಂದೆ ಆಗತಾನೆ ಏರುತ್ತಿದ್ದ ಸೂರ್ಯನೊಳಗೆ ಹೊಕ್ಕು ಕಾಣದಾಯಿತು. ಕಣ್ಣಿಗೆ ಬೆಂಕಿ ಹೊಕ್ಕಂತಾಗಿ ಅವನು ಮುಂದಕ್ಕೆ ತಿರುಗಿದ. ಎದುರಿಗೆ ಬೆಟ್ಟದ ಇಳಿಜಾರು, ತುದಿಯವರೆಗೂ ಹಿಮ. ಎಲ್ಲಿ ಬೆಟ್ಟ ಮುಗಿದು ಎಲ್ಲಿ ಆಕಾಶ ಶುರುವಾಗುತ್ತದೆ ಎಂಬುದೇ ತಿಳಿಯದಂಥ ಬಿಳುಪು.

ಆಗ ಅವನ ತಲೆಗೆ ಕಲೆ ಏರಿತು. ದೊಡ್ಡ ಫೋಟೋಗ್ರಾಫರುಗಳೆಲ್ಲ ಹೊಟ್ಟೆಯ ಮೇಲೆ ಮಲಗಿ ತೆಗೆಯುತ್ತಾರೆ ಎಂದು ಎಲ್ಲೋ ಕೇಳಿದ್ದ. ಮಲಗಿದ. ಒಳ್ಳೆಯ ಕೋನಕ್ಕಾಗಿ ನಾಲ್ಕು ಕಾಲಿನ ಮೇಲೆ ತೆವಳಿದ. ತಲೆಯ ಮೇಲೆ ಮದುವೆಯಲ್ಲಿ ಮಾವ ಕೊಟ್ಟ ನರಿಚರ್ಮದ ಟೋಪಿ. ಅದರ ಬಾಲ ಬೆನ್ನ ಮೇಲೆ ಅತ್ತಿಂದಿತ್ತ ಓಲಾಡುತ್ತಿತ್ತು. ಟೋಪಿಗೂ ತೆವಳುವುದಕ್ಕೂ ಏನಾದರೂ ಸಂಬಂಧ ಇದ್ದೀತು ಎಂದು ಕಲಾವಿದನಿಗೆ ಹೊಳೆಯುವುದಾದರೂ ಹೇಗೆ?

ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟ. ಸಿಕ್ಕಿತು! ಬೆಳ್ಳನೆ ಬಿಳುಪಿನ ನಡುವೆ ರೆಕ್ಕೆ ಚಾಚಿದ ಕಪ್ಪು ಹಕ್ಕಿ. ಒಂದು ಗರಿಯೂ ಅಲುಗದೆ ತೇಲುತ್ತಿತ್ತು. ಒತ್ತಿದ. ಹಕ್ಕಿ ದೊಡ್ಡದಾಯಿತು. ಮತ್ತೆ ಒತ್ತಿದ. "ಬಾ ತಾಯಿ, ಇನ್ನೂ ಹತ್ತಿರ ಬಾ," ಎಂದು ಪಿಸುಗುಟ್ಟಿದ. ಅದು ಬರುತ್ತಿತ್ತು. ಆದರೆ ಇಷ್ಟು ಹತ್ತಿರ ಬಂದರೂ ರೆಕ್ಕೆಯ ಸದ್ದಿಲ್ಲ. ಹಕ್ಕಿ ಇನ್ನಷ್ಟು ಹಿಗ್ಗಿತು, ಹಿಮದ ಮೇಲೆ ಜಾರುವಂತೆ ಬಂತು. ಎಸ್ತೆಬೆಸ್ ಮೊಣಕಾಲಿನ ಮೇಲೆ ಎದ್ದು ಕಡೆಯ ಬಾರಿ ಒತ್ತಿದ. ಅದೇ ಕ್ಷಣ ಹಿಂದಿನಿಂದ ಯಾರೋ ಅವನ ನೆತ್ತಿಗೆ ಕೈ ಹಾಕಿದರು.

ಉಗುರಿದ್ದ ಕೈ. ಅದು ತಲೆಯನ್ನು ಒಮ್ಮೆ ಹಿಂಡಿ, ಮೇಲಕ್ಕೆ ಜಗ್ಗಿ, ಬಿಟ್ಟಿತು. ಎಸ್ತೆಬೆಸನ ಮುಖ ಹಿಮದಲ್ಲಿ ಹೂತುಹೋಯಿತು. ತಲೆಯೆತ್ತಿದಾಗ ಕಣಿವೆಯಲ್ಲಿ ಯಾರೂ ಇರಲಿಲ್ಲ, ಟೋಪಿಯೂ ಇರಲಿಲ್ಲ. ಅವನು ತೆವಳಿ ಬಂದ ಹಿಮದ ಮೇಲೆ ಅವನದಲ್ಲದೆ ಬೇರೆ ಗುರುತೂ ಇರಲಿಲ್ಲ. ಹದ್ದು ಕಣ್ಣ ಮುಂದೆ ಇತ್ತು, ಅದನ್ನು ಅವನೇ ಚಿತ್ರ ತೆಗೆಯುತ್ತಿದ್ದ. ಹಾಗಾದರೆ ಹಿಂದಿನಿಂದ ಕೈ ಹಾಕಿದವರು ಯಾರು?

ಮಾವ ಸಂಪ್ರದಾಯಕ್ಕಾಗಿ ತಿರುಗಿ ನೋಡಿರಲಿಲ್ಲ. ಅಳಿಯ ಪ್ರಾಣಕ್ಕಾಗಿ ನೋಡಲಿಲ್ಲ. ಗೋರಿಗಳ ದಾರಿಯಲ್ಲಿ ಕಲ್ಲಿನ ಮುಖಗಳೆಲ್ಲ ಅವನ ಬರಿದಲೆಯನ್ನು ನೋಡಿದವು. ವಂದಿಸಲು ತೆಗೆಯುವುದಕ್ಕೆ ಅವನ ಬಳಿ ಏನೂ ಉಳಿದಿರಲಿಲ್ಲ.

ಮನೆಗೆ ಬಂದವನು ಬಾಗಿಲ ಹಿಂದೆ ತೂಗುತ್ತಿದ್ದ ಹೆಂಡತಿಯ ಉಣ್ಣೆ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡ. ನರಿ ಟೋಪಿ ಗಾಳಿಗೆ ಹಾರಿತು ಎಂದ. ಬೆಳಗಿನಿಂದ ಹೊಗೆ ನೆಟ್ಟಗೆ ಮೇಲೆ ಹೋಗುತ್ತಿದೆ, ಆ ಗಾಳಿ ನಿಮಗೊಬ್ಬರಿಗೇ ಬೀಸಿತೇ ಎಂದು ಜೂರಕಾನ್ ಕೇಳಿದಳು. ಅವನು, ಚಿತ್ರಗಳು ಅದ್ಭುತವಾಗಿ ಬಂದಿವೆ, ಬಾರ್ಚಿನ್ ಕೈಗೆಟುಕುವಷ್ಟು ಹತ್ತಿರ ಹಾರಿದಳು ಎಂದು ಮಾವನಿಗೆ ವರದಿ ಒಪ್ಪಿಸಿದ. ಅಭ್ಯಾಸಬಲದಿಂದ ಕವಲುಗೋಲಿನ ಕಡೆ ನೋಡಿದ. ಅದು ಖಾಲಿಯಿತ್ತು. ಆದರೂ ಏನೋ ತನ್ನ ಕಡೆ ತಿರುಗಿದಂತೆ ಅನ್ನಿಸಿತು.

ಆಮೇಲಿನ ದಿನಗಳಲ್ಲಿ ಎಸ್ತೆಬೆಸ್ ಊಟಕ್ಕೂ ಉಣ್ಣೆ ಟೋಪಿ, ನಿದ್ದೆಗೂ ಉಣ್ಣೆ ಟೋಪಿ. ಚಾವಣಿಯ ಮೇಲೆ ಕೆರೆದ ಸದ್ದಾದರೆ ಚಮಚ ಕೆಳಗಿಡುತ್ತಿದ್ದ. ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತಿದ್ದ. ಸಮೋವಾರಿನ ತಾಮ್ರದ ಮೂತಿ ತನ್ನ ಕಡೆಗಿದೆ ಎಂದು ಕಂಡು ಒಂದು ದಿನ ಎದ್ದು ಜಾಗ ಬದಲಾಯಿಸಿದ. ಜೂರಕಾನ್ ಸಮೋವಾರನ್ನು ಮತ್ತೆ ಅವನ ಕಡೆ ತಿರುಗಿಸಿದಳು. ಅವನು ಚಹಾ ಬಿಟ್ಟ. ಮುದುಕರು ಮಾತ್ರ ಇದೊಂದನ್ನೂ ನೋಡಲಿಲ್ಲ. ಅವರು ಖಾಲಿ ಕವಲುಗೋಲಿನ ಕೆಳಗೆ ಕೂತು, ಹದ್ದು ಹೊರುವ ಚರ್ಮದ ಕೈಗವಸನ್ನು ತೊಡೆಯ ಮೇಲಿಟ್ಟುಕೊಂಡು, ಚಿತ್ರಕ್ಕಾಗಿ ಕಾಯುತ್ತಿದ್ದರು.

ಚಿತ್ರ ತೊಳೆಯುವುದು ಹಿತ್ತಲಿನ ಸ್ನಾನದ ಗುಡಿಸಲಿನಲ್ಲಿ. ಕಿಟಕಿಗೆ ರಜಾಯಿ ಹೊಡೆದು, ಕೆಂಪು ದೀಪ ಹಚ್ಚಿ, ಹಬ್ಬದ ಮಾಂಸ ಬಡಿಸುವ ದೊಡ್ಡ ಹರಿವಾಣದಲ್ಲಿ ಔಷಧದ ನೀರು ಸುರಿದು ಎಸ್ತೆಬೆಸ್ ಸಿದ್ಧನಾದ. ಕಲೆ ಏಕಾಂತ ಬೇಡುತ್ತದೆ ಎಂದು ಎಂದೂ ಯಾರನ್ನೂ ಒಳಗೆ ಬಿಡದವನು ಅಂದು, ಸಹಾಯಕ್ಕೆ ಬಾ ಎಂದು ಹೆಂಡತಿಯನ್ನು ಕರೆದ. ಕತ್ತಲೆಯಲ್ಲಿ ತನ್ನ ಬೆನ್ನು ಕಾಯಲು ಒಬ್ಬರು ಬೇಕಿತ್ತು ಎಂದು ಹೇಳಲಾಗುತ್ತದೆಯೇ? ಹಿಂದೆಯೇ ಮಾವನೂ ಬಂದು ಬಾಗಿಲ ಬಳಿಯ ಹಲಗೆಯ ಮೇಲೆ ಕೂತರು.

ಮೊದಲ ಕಾಗದ ನೀರಿನಲ್ಲಿ ಮೆಲ್ಲನೆ ಕಪ್ಪಾಯಿತು. ಕೆಂಪು ಬೆಳಕಿನಲ್ಲಿ ರೆಕ್ಕೆ ಮೂಡಿತು. ಎರಡನೆಯದರಲ್ಲಿ ಇನ್ನೂ ದೊಡ್ಡ ರೆಕ್ಕೆ. ಎಸ್ತೆಬೆಸ್ ಎದೆ ಸೆಟೆಸಿದ. ಜೂರಕಾನ್ ಬಗ್ಗಿ ನೋಡಿದಳು.

"ಕಣ್ಣೆಲ್ಲಿ?"

"ಹಾರೋವಾಗ ಕಣ್ಣು ಕಾಣಲ್ಲ ಕಣೇ."

"ಕೊಕ್ಕು?"

"ಬೆಳಕಿನ ದೋಷ."

"ರೆಕ್ಕೆಯೊಳಗೆ ಹುಲ್ಲು ಬೆಳೆದಿದೆಯಲ್ರೀ, ಅದೂ ಬೆಳಕಿನ ದೋಷವಾ?"

ಎಸ್ತೆಬೆಸ್ ಬಗ್ಗಿ ನೋಡಿದ. ರೆಕ್ಕೆಯ ನಡುವಿನಿಂದ ಹಿಮ ತೂರಿ ಎದ್ದ ಒಣಹುಲ್ಲಿನ ಕಡ್ಡಿಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಅವನು ತೆಗೆದದ್ದು ಆಕಾಶವನ್ನಲ್ಲ, ಬೆಟ್ಟದ ಇಳಿಜಾರನ್ನು. ಆ ಕಪ್ಪು ಹಕ್ಕಿ ಹಕ್ಕಿಯಲ್ಲ, ಹಿಮದ ಮೇಲೆ ಬಿದ್ದ ನೆರಳು. ಪ್ರತಿ ಚಿತ್ರದಲ್ಲೂ ನೆರಳಿತ್ತು. ಒಂದರಲ್ಲೂ ಹದ್ದು ಇರಲಿಲ್ಲ.

ಮಂಬೆತ್‌ಕುಲ್ ಎದ್ದು ಬಂದು ಒದ್ದೆ ಕಾಗದಗಳನ್ನು ಒಂದೊಂದಾಗಿ ಎತ್ತಿ ನೋಡಿದರು. "ನೆರಳಿದೆ, ಅವಳಿಲ್ಲ," ಎಂದರು. "ಮೈಯಿಲ್ಲದೆ ನೆರಳು ಓಡಾಡೋದು ಸತ್ತವರದು. ಕಪ್ಪು-ಬಿಳುಪು ಬೇಡ ಅಂತ ನನ್ನ ಮನಸ್ಸು ಹೇಳ್ತಿತ್ತು."

ಅವರು ಕೈಗವಸು ಹಾಕಿಕೊಂಡರು. ಕುದುರೆಗೆ ಜೀನು ಬಿಗಿಯುತ್ತೇನೆ, ಕಣಿವೆಗೆ ಹೋಗಿ ಕೂಗುತ್ತೇನೆ, ಬದುಕಿದ್ದರೆ ನನ್ನ ದನಿಗೆ ಬಂದೇ ಬರುತ್ತಾಳೆ ಎಂದರು. ಜೂರಕಾನ್ ಬಾಗಿಲಿಗೆ ಅಡ್ಡ ನಿಂತಳು. ಅವಳ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

"ಬರ್ತಾಳೆ ಅಪ್ಪಾ, ನನಗೆ ಅದೇ ಭಯ. ಮತ್ತೆ ಬಂದ್ರೆ ಇನ್ನು ಅವಳು ಹೋಗಲ್ಲ. ನೀವೂ ಕಳಿಸಲ್ಲ."

"ಸತ್ತಿದ್ದಾಳೋ ಬದುಕಿದ್ದಾಳೋ ತಿಳಿಯದೆ ಹೇಗೆ ಕೂರಲಿ ಮಗಳೇ?" ಎಂದು ಮುದುಕರು ಕೇಳಿದರು. ಅವಳು ಬಾಗಿಲು ಬಿಡಲಿಲ್ಲ.

ಹರಿವಾಣದಲ್ಲಿ ಆಗ ಕೊನೆಯ ಕಾಗದ ಮೂಡುತ್ತಿತ್ತು. ಎಸ್ತೆಬೆಸ್ ಅದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಹಿಮದ ಮೇಲೆ ಮೊಣಕಾಲೂರಿದ ಮನುಷ್ಯನೊಬ್ಬನ ಉದ್ದನೆಯ ನೆರಳು. ಅವನ ತಲೆಯಿಂದ ಎರಡು ಬೃಹತ್ ರೆಕ್ಕೆಗಳು ಎದ್ದು ಕಾಗದದ ಅಂಚಿನವರೆಗೆ ಚಾಚಿದ್ದವು. ಕ್ಷಣಕಾಲ ಅವನು ಅದನ್ನು ಪಿಶಾಚಿ ಎಂದೇ ತಿಳಿದ. ಆಮೇಲೆ ಪಿಶಾಚಿಯ ಕೈಯಲ್ಲಿ ಕ್ಯಾಮೆರಾ ಇರುವುದು ಕಂಡಿತು.

ಸೂರ್ಯ ಬೆನ್ನ ಹಿಂದಿದ್ದ. ಹದ್ದೂ ಬೆನ್ನ ಹಿಂದಿತ್ತು. ಮುಂದೆ ಇದ್ದದ್ದು ಬರೀ ನೆರಳು. ಬಾ ತಾಯಿ ಎಂದು ಕರೆದವನೂ ಅವನೇ. ತಾಮ್ರಮೂತಿಯ ಮುದುಕಿ ಅಲ್ಲ ಎಂದು ತಿಳಿದು ಮೊದಲು ಪ್ರಾಣ ಹಗುರವಾಯಿತು. ಆಮೇಲೆ ಮರ್ಯಾದೆಯ ನೆನಪಾಯಿತು. ಈ ಕಾಗದವನ್ನು ಮೆಲ್ಲನೆ ಮುದುರಿ ಒಲೆಗೆ ಹಾಕಿದರೆ ಹದ್ದು ಅವನನ್ನು ನರಿಯೆಂದು ತಿಳಿದದ್ದು ಊರಿಗೆ ಗೊತ್ತಾಗುವುದಿಲ್ಲ. ಅವನ ಬೆರಳು ಕಾಗದದ ಅಂಚನ್ನು ಹಿಡಿದೂ ಆಗಿತ್ತು. ಆದರೆ ಬಾಗಿಲ ಬಳಿ ಮುದುಕರು ಗವಸಿನ ಕೈಯಿಂದ ಮಗಳ ಹೆಗಲನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಅದನ್ನು ನೋಡಿದ ಮೇಲೆ ಎಸ್ತೆಬೆಸನಿಂದ ಆಗಲಿಲ್ಲ.

"ಮಾವ, ಹೋಗಬೇಡಿ. ಅವಳು ಬದುಕಿದ್ದಾಳೆ," ಎಂದ. "ಗಾಳಿ ಇರಲಿಲ್ಲ. ನಾನು ತೆವಳ್ತಿದ್ದೆ."

ಉಣ್ಣೆ ಟೋಪಿ ತೆಗೆದ. ಜೂರಕಾನ್ ಬಾಗಿಲು ತೆರೆದಳು. ಹಗಲಿನ ಬೆಳಕು ಅವನ ಬೋಳು ನೆತ್ತಿಯ ಮೇಲೆ ಬಿತ್ತು. ಅಲ್ಲಿ ಕಡುಗಪ್ಪಗೆ ಹೆಪ್ಪುಗಟ್ಟಿದ ನಾಲ್ಕು ಗಾಯಗಳಿದ್ದವು. ಅವಳು ನಗಲಿಲ್ಲ, ಬಾಯಿಗೆ ತಲೆವಸ್ತ್ರದ ಅಂಚು ಹಿಡಿದಳು. ಆಮೇಲೆ ಆ ಅಂಚಿನ ಹಿಂದೆ ಏನೋ ಕುಲುಕಾಡಿತು.

ಮುದುಕರು ಗವಸು ಕಳಚಿ, ಬರಿಗೈಯಿಂದ ಗಾಯಗಳನ್ನು ಮುಟ್ಟಿ ನೋಡಿದರು. ಕುರುಡರು ಮುಖ ಮುಟ್ಟಿ ಗುರುತಿಸುವ ಹಾಗೆ ಬಹಳ ಹೊತ್ತು ಮುಟ್ಟಿದರು.

"ಎಡಗಾಲು," ಎಂದರು. "ಓಡೋ ನರಿಗೆ ಅವಳು ಯಾವಾಗಲೂ ಎಡಗಾಲೇ ಹಾಕೋದು. ಸದ್ದು ಕೇಳಿತಾ?"

"ಇಲ್ಲ ಮಾವ."

"ಒಂಚೂರೂ?"

"ಒಂಚೂರೂ ಇಲ್ಲ."

"ಕೇಳಲ್ಲ! ಅವಳು ಬಂದ್ರೆ ಕೇಳಲ್ಲ." ಮುದುಕರ ಗಡ್ಡ ಅದುರಿತು. ಹೊಟ್ಟೆ ತುಂಬಿದ್ದರೂ ಬೇಟೆ ಬಿಡಲಿಲ್ಲ, ಕೂಗುವವರಿಲ್ಲದೆ, ಕೈ ತೋರಿಸುವವರಿಲ್ಲದೆ ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ತಾನಾಗಿಯೇ ಬಂದು ಹಿಡಿದಳು, ಇನ್ನು ಅವಳು ಬದುಕಿಕೊಳ್ಳುತ್ತಾಳೆ ಎಂದು ಅವರು ಅಳಿಯನ ತಲೆಗೇ ಹೇಳಿದರು. ಹೇಳುತ್ತ ಹೇಳುತ್ತ ಅತ್ತರು, ಅಳುತ್ತಲೇ ನಕ್ಕರು. ಗವಸನ್ನು ಮಗಳ ಕೈಗೆ ಕೊಟ್ಟು ಪೆಟ್ಟಿಗೆಯ ತಳಕ್ಕೆ ಹಾಕು ಎಂದರು. ಜೂರಕಾನ್ ಅದನ್ನು ಎದೆಗವಚಿಕೊಂಡು ನಿಂತಳು.

"ನೆಟ್ಟಗೆ ನಿಂತಿರು ಅಂದಿದ್ದೆ ಅಲ್ವೇನೋ ಅಳಿಯಾ?"

"ಅಂದಿದ್ರಿ ಮಾವ."

"ಪುಣ್ಯಕ್ಕೆ ಕೇಳಲಿಲ್ಲ." ಮತ್ತೆ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. "ಗಾಯ ಮಾಯೋದ್ರೊಳಗೆ ಇದನ್ನೇ ತೆಗೆಸು. ಗೋಡೆಗೆ ನನಗೆ ಇದೇ ಬೇಕು."

ತನ್ನ ನೆತ್ತಿಯನ್ನು ತಾನೇ ತೆಗೆಯುವ ವಿದ್ಯೆ ಎಸ್ತೆಬೆಸನಿಗೆ ಇರಲಿಲ್ಲ. ಕ್ಯಾಮೆರಾ ಹೆಂಡತಿಯ ಕೈ ಸೇರಿತು. ಅವನನ್ನು ಹಿತ್ತಲಿನ ಮಣೆಯ ಮೇಲೆ ಕೂರಿಸಿ, ಕುರಿಯ ಉಣ್ಣೆ ಕತ್ತರಿಸುವಾಗಿನಂತೆ ಕತ್ತು ಬಗ್ಗಿಸಿದಳು. ಬೆಳಕಿನ ಅಳತೆ, ದೂರದ ಅಳತೆ ಎಂದು ಅವನು ಕೆಳಗಿನಿಂದ ಉಪದೇಶ ಶುರುಮಾಡಿದ. ಬಾಯಿ ಮುಚ್ಚಿ, ನೀವು ಮಾತಾಡಿದರೆ ಚಿತ್ರ ಅಲುಗುತ್ತದೆ ಎಂದಳು. ಬದುಕಿರುವವರ ಕಪ್ಪು-ಬಿಳುಪು ಒಳ್ಳೆಯದಲ್ಲ ಎಂದು ಅವನು ಗೊಣಗಿದ. "ಮುಖ ಇಲ್ಲವಲ್ಲ, ಕಲ್ಲಿಗೆ ಆಗಿಬರಲ್ಲ ಬಿಡಿ," ಎಂದು ಒತ್ತಿಯೇಬಿಟ್ಟಳು. ಆ ಕ್ಯಾಮೆರಾದಿಂದ ಅಷ್ಟು ಚೊಕ್ಕವಾದ ಚಿತ್ರ ಹಿಂದೆ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ.

ಈಗ ಅದು ಮನೆಯಲ್ಲಿ ಹಿರಿಯರು ಕೂರುವ ಜಾಗದ ಮೇಲಿನ ಗೋಡೆಯಲ್ಲಿ, ಕಟ್ಟು ಹಾಕಿಸಿಕೊಂಡು ನಿಂತಿದೆ. ಬೇರೆ ಬೇರೆ ಕಣಿವೆಗಳಿಂದ ಬೇಟೆಗಾರರು ಬರುತ್ತಾರೆ. ಮಂಬೆತ್‌ಕುಲ್ ಕೈತೋರಿಸಿ, ಇವಳೇ ನಮ್ಮ ಬಾರ್ಚಿನ್ ಎನ್ನುತ್ತಾರೆ. ಬಂದವರು ಬಟ್ಟಲು ಕೆಳಗಿಟ್ಟು, ಎದ್ದು ಹತ್ತಿರ ಹೋಗಿ ನೋಡುತ್ತಾರೆ. ಎಂಥ ಹಿಡಿತ, ಎಂಥ ಹಕ್ಕಿ ಎಂದು ತಲೆದೂಗುತ್ತಾರೆ. ಎಸ್ತೆಬೆಸ್ ಅವರ ಬೆನ್ನ ಹಿಂದೆ ತಲೆ ತಗ್ಗಿಸಿಕೊಂಡು ಚಹಾ ಬಗ್ಗಿಸುತ್ತಿರುತ್ತಾನೆ. ತಲೆ ಯಾರದು ಎಂದು ಇಷ್ಟು ವರ್ಷಗಳಲ್ಲಿ ಒಬ್ಬರೂ ಕೇಳಿಲ್ಲ.